ಕಿವಿಯ ಮುಂದಿನ ಹಲ್ಲಿ

ನಮ್ಮ ಎದುರು ಮನೆಯ ತಿರುನಾವುಕ್ಕರಸು ಅವರಿಗೆ ಐವತ್ತಮೂರನೆಯ ವಯಸ್ಸಿನಲ್ಲಿ ಹೆಮ್ಮೆಪಡಲು ಇದ್ದದ್ದು ಒಂದೇ ಆಸ್ತಿ, ಹಲ್ಲು. ಮೂವತ್ತೆರಡೂ ಇದ್ದವು. ಹೆಸರಿನ ಅರ್ಥ ನಾಲಿಗೆಯ ಅರಸು ಎಂದಿದ್ದರೂ ಅವರು ಆಳುತ್ತಿದ್ದದ್ದು ಹಲ್ಲಿನ ಸೀಮೆಯನ್ನು. ಬೀದಿಯಲ್ಲಿ ಯಾರಾದರೂ ಕೆನ್ನೆ ಊದಿಸಿಕೊಂಡು ಹೋಗುತ್ತಿದ್ದರೆ ಜಗುಲಿಯ ಮೇಲಿಂದಲೇ ಕರೆದು ಕೂರಿಸಿಕೊಂಡು, ಬೇವಿನ ಕಡ್ಡಿಯ ಮಹಿಮೆಯನ್ನು ಅರ್ಧ ಗಂಟೆ ಹೇಳಿ, ಕೊನೆಗೆ ತಮ್ಮ ಬಾಯಿ ತೆರೆದು ಪ್ರದರ್ಶನ ಕೊಟ್ಟು ಕಳಿಸುತ್ತಿದ್ದರು. ಹಲ್ಲಿನ ಡಾಕ್ಟರ ಮೆಟ್ಟಿಲನ್ನು ಈ ಜನ್ಮದಲ್ಲಿ ಹತ್ತಿಲ್ಲ, ಹತ್ತುವುದೂ ಇಲ್ಲ ಎಂದು ಅವರು ಘೋಷಿಸಿದ್ದನ್ನು ಕೇಳದವರು ಚಿಕ್ಕ ಕಂಚಿಯಲ್ಲಿ ಯಾರೂ ಇರಲಿಲ್ಲ.

ಆ ಘೋಷಣೆಗೆ ಪುರಾವೆ ಒದಗಿಸಲು ಹೋದದ್ದೇ ಎಡವಟ್ಟಾಯಿತು. ಆ ವರ್ಷ ಪೊಂಗಲ್ ಹಬ್ಬಕ್ಕೆ ಪಕ್ಕದ ಮನೆಯ ಸಡಗೋಪನ್ ಮಾಮಾ ಅವರ ಅಳಿಯ ಮದ್ರಾಸಿನಿಂದ ಬಂದಿದ್ದ. ಕಬ್ಬನ್ನು ಚಾಕುವಿನಲ್ಲಿ ಸುಲಿದು, ಬೆರಳುದ್ದದ ತುಂಡು ಮಾಡಿ, ತಟ್ಟೆಯಲ್ಲಿಟ್ಟುಕೊಂಡು ಮರ್ಯಾದೆಯಿಂದ ತಿನ್ನುತ್ತಿದ್ದ. ಅರಸು ಅವರಿಗೆ ಇದನ್ನು ನೋಡಿ ಸಹಿಸಲಾಗಲಿಲ್ಲ. ಜಗುಲಿಗೆ ಒರಗಿಸಿದ್ದ ಆಳುದ್ದದ ಕಬ್ಬೊಂದನ್ನು ಎತ್ತಿಕೊಂಡು, ಕಪ್ಪು ಸಿಪ್ಪೆಯನ್ನು ಬುಡದಿಂದಲೇ ಹಲ್ಲಿನಲ್ಲಿ ಕಚ್ಚಿ ಎಳೆದರು. ಮೊದಲ ಗೆಣ್ಣು ಸಲೀಸಾಗಿ ಬಂತು. ಎರಡನೆಯದಕ್ಕೆ ಸ್ವಲ್ಪ ಕತ್ತು ತಿರುಗಿಸಬೇಕಾಯಿತು. ಮೂರನೆಯದಕ್ಕೆ ಬಲಗಿವಿಯ ಮುಂದೆ ಏನೋ ಕಳಚಿದ ಹಾಗೆ ಸದ್ದಾಯಿತು. ಅಳಿಯನಿಗೂ ಕೇಳಿಸಿರಬೇಕು, ತಲೆಯೆತ್ತಿ ನೋಡಿದ. ಅರಸು ಅವರು ಕಣ್ಣಲ್ಲಿ ನೀರು ತುಂಬಿಕೊಂಡೇ ನಕ್ಕು, ಕಬ್ಬು ಪೂರ್ತಿ ಮುಗಿಸಿ ಒಳಗೆ ಹೋದರು.

ಮರುದಿನದಿಂದ ಬಾಯಿ ತೆರೆದರೆ 'ಟಕ್' ಎನ್ನುತ್ತಿತ್ತು, ಮುಚ್ಚಿದರೆ ಸಣ್ಣಗೆ 'ಟಿಕ್' ಎನ್ನುತ್ತಿತ್ತು. ಜೊತೆಗೆ ಕಿವಿಯಿಂದ ಕಪಾಲದವರೆಗೆ ನೋವು. ಅದು ಕಿವಿಯ ನೋವೇ ಇರಬೇಕೆಂದು ತೀರ್ಮಾನಿಸಿ, ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆಯನ್ನು ಅವರು ಕಿವಿಗೆ ಬಿಟ್ಟುಕೊಂಡರು. ಕಿವಿ ಮುಚ್ಚಿತು, ನೋವು ಹಾಗೇ ಉಳಿಯಿತು. ಹಲ್ಲಿನ ನೋವಿರಬಹುದೆಂಬ ಅನುಮಾನವೂ ಬಂದು ಕದ್ದುಮುಚ್ಚಿ ಲವಂಗ ಇಟ್ಟುಕೊಂಡರು. ಮೂವತ್ತೆರಡು ಹಲ್ಲಿನ ಒಡೆಯ ಲವಂಗ ಇಟ್ಟುಕೊಂಡದ್ದು ಗೊತ್ತಾದರೆ ಬೀದಿಯಲ್ಲಿ ತಲೆಯೆತ್ತಿ ನಡೆಯುವುದು ಹೇಗೆ? ಆದ್ದರಿಂದ ನೆಗಡಿ ಎಂದು ಎಲ್ಲರಿಗೂ ಹೇಳಿ, ತಲೆಯಿಂದ ಗಲ್ಲದವರೆಗೆ ಟವೆಲ್ ಸುತ್ತಿಕೊಂಡು ಓಡಾಡತೊಡಗಿದರು.

ನಾಲ್ಕನೆಯ ದಿನ ಸಂಜೆ ಅವರ ಹೆಂಡತಿ ಮರಕತಂ ಆರಣಿಯಿಂದ ಬಂದ ಒಂದು ಸಂಬಂಧದ ವಿಷಯ ತೆಗೆದರು. ಮಗಳು ಪೂಂಗೊಡಿ ಹೆಣ್ಣುಮಕ್ಕಳ ಶಾಲೆಯಲ್ಲಿ ವಿಜ್ಞಾನದ ಟೀಚರು. ಅವಳಿಗೆ ಬಂದ ಏಳು ಸಂಬಂಧಗಳನ್ನು ಅರಸು ಅವರು ಆಗಲೇ ತಳ್ಳಿಹಾಕಿದ್ದರು. ಒಬ್ಬನ ಕಿವಿ ದೊಡ್ಡದು, ಒಬ್ಬನ ಊರಿನ ನೀರು ಸರಿಯಿಲ್ಲ, ಒಬ್ಬನ ಅಣ್ಣ ನಾಟಕದಲ್ಲಿ ಪಾರ್ಟು ಮಾಡುತ್ತಾನೆ. "ಇದಾದ್ರೂ ಕೂಡಿ ಬರುತ್ತೆ ಅಂತ ನನ್ನ ಮನಸ್ಸು ಹೇಳ್ತಿದೆ," ಎಂದರು ಮರಕತಂ. ಅರಸು ಅವರು ಎಂಟನೆಯ ತಕರಾರು ತೆಗೆಯಲು ಬಾಯಿ ಬಿಟ್ಟರು.

ಟಕ್. ಟಿಕ್.

ಮರಕತಂ ತಕ್ಷಣ ನೆಲದ ಮೇಲೆ ಬೆರಳಿನಿಂದ ಮೂರು ಸಲ ಬಡಿದು, ಕೈ ಮುಗಿದು, ಗೋಡೆ ನೋಡಿದರು. ಹೊರಗಿನವರಿಗೆ ಇದು ವಿಚಿತ್ರವೆನಿಸಬಹುದು. ದೇವಸ್ಥಾನದ ಸೂರಿನಲ್ಲಿ ಬಂಗಾರದ ಹಲ್ಲಿಯೊಂದು, ಬೆಳ್ಳಿಯ ಹಲ್ಲಿಯೊಂದು ಇರುವ ಊರು ನಮ್ಮದು. ಅವನ್ನು ಮುಟ್ಟಲು ದಿನಾ ಸಾವಿರ ಜನ ಸಾಲು ನಿಲ್ಲುತ್ತಾರೆ. ಆಡಿದ ಮಾತಿನ ಬೆನ್ನಿಗೇ ಹಲ್ಲಿ ನುಡಿದರೆ ಆ ಮಾತು ಸತ್ಯ. ಇಲ್ಲಿ ಮನುಷ್ಯರ ಮಾತಿಗೆ ಸಾಕ್ಷಿ ಬೇಕಾಗುತ್ತದೆ, ಹಲ್ಲಿಯ ಮಾತಿಗೆ ಬೇಡ.

ಸದ್ದು ಬಂದ ದಿಕ್ಕು ಯಾವುದೆಂದು ಗೊತ್ತಾಗಬೇಕಲ್ಲ, ಸಡಗೋಪನ್ ಮಾಮಾ ಅವರನ್ನು ಕರೆಸಿದರು. ನಿವೃತ್ತ ತಮಿಳು ಪಂಡಿತರಾದ ಮಾಮಾ ಅವರ ಬಳಿ ಹಲ್ಲಿ ಶಕುನದ ಹಳೆಯ ಪಟ್ಟಿಯೊಂದಿತ್ತು. ಅದರ ಎಂಟು ದಿಕ್ಕಿನಲ್ಲಿ ಎರಡನ್ನು ಗೆದ್ದಲು ತಿಂದಿದ್ದರಿಂದ ಉಳಿದ ಆರರಲ್ಲೇ ಅವರು ತೀರ್ಪು ಕೊಡುತ್ತಿದ್ದರು. ಕಪಾಟಿನ ಹಿಂದೆ, ತೊಲೆಯ ಮೇಲೆ, ಫೋಟೋಗಳ ಹಿಂದೆ ಎಲ್ಲ ಹುಡುಕಿದರೂ ಹಲ್ಲಿ ಕಾಣಲಿಲ್ಲ. ಕಾಣದ ಹಲ್ಲಿ ನುಡಿದರೆ ಫಲ ಇಮ್ಮಡಿ ಎಂದರು ಮಾಮಾ. ಅರಸು ಅವರೂ ಸ್ಟೂಲ್ ಹತ್ತಿ ಎಲ್ಲರ ಜೊತೆ ಹುಡುಕಿದರು. ಸದ್ದು ಬಂದದ್ದು ತಮ್ಮ ಮುಖದಿಂದ ಎಂದು ಅವರಿಗೆ ಗೊತ್ತಿತ್ತು. ಆದರೆ ಹಾಗೆಂದರೆ ದವಡೆ ಕೆಟ್ಟಿದೆ ಎಂದು ಒಪ್ಪಿಕೊಳ್ಳಬೇಕು. ದವಡೆ ಎಂದರೆ ಹಲ್ಲು, ಹಲ್ಲು ಎಂದರೆ ಮೆಟ್ಟಿಲು. ಸುಮ್ಮನಿದ್ದುಬಿಟ್ಟರು.

ಒಂದು ಸಲ ಸುಮ್ಮನಿದ್ದ ಮೇಲೆ ಎರಡನೆಯ ಸಲ ಸುಮ್ಮನಿರುವುದು ಸುಲಭ. ಎರಡನೆಯ ಸಲ ಬಂದದ್ದು ಕಚೇರಿಯಲ್ಲಿ. ಅರಸು ಅವರು ರೇಷ್ಮೆ ನೇಕಾರರ ಸಹಕಾರ ಸಂಘವೊಂದರಲ್ಲಿ ಗುಮಾಸ್ತರು. ನೇಕಾರರು ನೇಯ್ದು ತಂದ ಸೀರೆಯನ್ನು ಮ್ಯಾನೇಜರ್ ಬಿಡಿಸಿ, ಜರಿ ಉಜ್ಜಿ, ಪಾಸು ಅಥವಾ ವಾಪಸು ಎನ್ನುವುದು ಅರಸು ಅವರ ಮೇಜಿನ ಮೇಲೆಯೇ. ಆ ದಿನ ಒಂದು ಕಡುನೀಲಿ ಸೀರೆಯ ಅಂಚಿನಲ್ಲಿ ಮ್ಯಾನೇಜರ್ ತಪ್ಪು ಹುಡುಕುತ್ತಿದ್ದರು. ಹೇಗಾದರೂ ಪಾಸು ಮಾಡಿ ಸಾರ್ ಎಂದು ಮುದುಕ ನೇಕಾರ ಅಂಗಲಾಚುತ್ತಿದ್ದ. ಅರಸು ಅವರಿಗೆ ಆಕಳಿಕೆ ಬಂತು. ಟಕ್, ಟಿಕ್. ನೇಕಾರ ಮೇಜು ಬಡಿದು ಕೈ ಮುಗಿದ. ಮ್ಯಾನೇಜರ್ ಕೈಯಲ್ಲಿದ್ದ ಅಂಚನ್ನು ಮೆಲ್ಲಗೆ ಕೆಳಗಿಟ್ಟು ಸೀಲು ಒತ್ತಿದರು.

ಹದಿನೈದು ದಿನದಲ್ಲಿ ಸಂಘದ ವ್ಯವಹಾರವೇ ಬದಲಾಯಿತು. ಹಲ್ಲಿ ಅರಸು ಅವರ ಮೇಜಿನ ಡ್ರಾಯರಿನಲ್ಲಿ ವಾಸವಾಗಿದೆ ಎಂಬುದು ಎಲ್ಲರಿಗೂ ಖಚಿತವಾಗಿತ್ತು, ಏಕೆಂದರೆ ಅವರು ಊಟಕ್ಕೆ ಎದ್ದುಹೋದಾಗ ಅದೂ ಮಾತು ನಿಲ್ಲಿಸುತ್ತಿತ್ತು. ನೇಕಾರರು ಡ್ರಾಯರಿನೊಳಗೆ ಸಕ್ಕರೆ ಉದುರಿಸಿದರು. ಸಕ್ಕರೆಗೆ ಇರುವೆ ಬಂದವು, ಇರುವೆ ಹಲ್ಲಿಯ ಆಹಾರವೆಂದು ಯಾರೂ ಓಡಿಸಲಿಲ್ಲ. ಸೀರೆ ಹೊತ್ತು ಬಂದವರು ಮ್ಯಾನೇಜರಿಗೆ ಬೆನ್ನು ಹಾಕಿ, ಮೇಜಿನ ಕಡೆ ಕಣ್ಣು ಮುಚ್ಚಿ ನಿಲ್ಲತೊಡಗಿದರು. ಮ್ಯಾನೇಜರ್ ಕೂಡ ತಮ್ಮ ವರ್ಗಾವಣೆಯ ವಿಷಯ ಕೇಳಬೇಕೆಂದು ಸಂಜೆ ಎಲ್ಲರೂ ಹೋದ ಮೇಲೆ ಮೇಜಿನೆದುರು ಹತ್ತು ನಿಮಿಷ ನಿಂತರಂತೆ. ಪಾಪ, ಅರಸು ಅವರು ಆ ಹೊತ್ತಿಗೆ ಮನೆ ಸೇರಿ ಕಿವುಚಿದ ಮೊಸರನ್ನ ತಿನ್ನುತ್ತಿದ್ದರು. ನೋವು ತಡೆಯಲಾರದೆ ಅವರು ಎರಡು ದಿನ ರಜೆ ಕೇಳಿದ್ದಕ್ಕೆ ಮ್ಯಾನೇಜರ್, ರಜೆ ಬೇಕಾದರೆ ತಗೊಳ್ಳಿ, ಮೇಜು ಮಾತ್ರ ಅಲ್ಲಾಡಬಾರದು ಎಂದರು. ಮರುಕ್ಷಣವೇ ಯೋಚಿಸಿ ರಜೆಯನ್ನೂ ರದ್ದು ಮಾಡಿದರು.

ಇಷ್ಟೇ ಆಗಿದ್ದರೆ ನಗುವ ಮಾತು. ಆದರೆ ಪೊಂಗಲ್ ಕಳೆದು ತಿಂಗಳಾದ ಮೇಲೆ, ಮಾಸಿಯ ಒಂದು ದಿನ ಅರಸು ಅವರು ಬಸ್ ನಿಲ್ದಾಣದಲ್ಲಿ ನಿಂತಿದ್ದಾಗ ಆರೋಗ್ಯ ಇಲಾಖೆಯ ಹಲಗೆಯೊಂದು ಕಣ್ಣಿಗೆ ಬಿತ್ತು. ಹೊಗೆಸೊಪ್ಪು ಹಾಕುವವರೇ, ಮೂರು ಬೆರಳು ಹಿಡಿಸುವಷ್ಟು ಬಾಯಿ ತೆರೆಯುತ್ತಿಲ್ಲವೇ, ತಡಮಾಡಬೇಡಿ ಎಂದು ಬರೆದು, ಕೆಳಗೆ ಒಂದು ಚಿತ್ರ ಹಾಕಿದ್ದರು. ಆ ಚಿತ್ರವನ್ನು ನಾನು ವರ್ಣಿಸುವುದಿಲ್ಲ. ಅರಸು ಅವರು ದಿನಕ್ಕೆ ನಾಲ್ಕು ಸಲ ವೀಳ್ಯದ ಜೊತೆ ಹೊಗೆಸೊಪ್ಪು ಹಾಕುವವರು. ಮನೆಗೆ ಬಂದು ಮರುದಿನ ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು ಅಳೆದರು. ಎರಡೇ ಬೆರಳು ಹೋಯಿತು.

ಇದನ್ನು ಅವರು ಯಾರಿಗೂ ಹೇಳಲಿಲ್ಲ. ಹೆಂಡತಿಗೆ ಹೇಳಲಿಲ್ಲ, ಇಪ್ಪತ್ತಾರು ವರ್ಷದಿಂದ ಎದುರು ಮನೆಯಲ್ಲಿರುವ ನನಗೂ ಹೇಳಲಿಲ್ಲ. ಆದರೆ ಆ ದಿನದಿಂದ ಮನುಷ್ಯ ಬದಲಾದರು. ಏಳು ವರಗಳನ್ನು ಓಡಿಸಿದವರು ಆರಣಿಯವರಿಗೆ ತಾವೇ ಕಾಗದ ಬರೆದು, ಬರುವ ಭಾನುವಾರವೇ ಹೆಣ್ಣು ನೋಡಲು ಬನ್ನಿ ಎಂದರು. ಹುಡುಗನ ಕಿವಿ ಹೇಗಿದೆ ಎಂದು ವಿಚಾರಿಸಲೂ ಇಲ್ಲ. ಮನೆಯ ಪತ್ರ, ಪಾಸ್‌ಬುಕ್ಕು ಎಲ್ಲ ಒಂದೇ ಡಬ್ಬಿಯಲ್ಲಿ ಹಾಕಿ, ಡಬ್ಬಿ ಎಲ್ಲಿದೆ ಎಂದು ಮರಕತಂ ಅವರಿಗೆ ದಿನಕ್ಕೆರಡು ಸಲ ತೋರಿಸಿದರು. ಗಂಡನಿಗೆ ಬುದ್ಧಿ ಬಂತು, ಎಲ್ಲ ಹಲ್ಲಿಯ ಕೃಪೆ ಎಂದು ಆಕೆ ನಮ್ಮ ಮನೆಗೆ ಬಂದು ಸಂತೋಷಪಟ್ಟರು.

ಪೂಂಗೊಡಿ ಅಪ್ಪನಿಗೆ ಒಂದೇ ಮಾತು ಹೇಳಿದ್ದಳು. ಹುಡುಗ ಹೇಗಿದ್ದರೂ ನೋಡೋಣ, ಆದರೆ ಕೆಲಸ ಬಿಡುವುದಿಲ್ಲ. ಅರಸು ಅವರು ಟವೆಲಿನೊಳಗಿಂದಲೇ ತಲೆಯಾಡಿಸಿದ್ದರು.

ಭಾನುವಾರ ಆರಣಿಯವರು ಒಂದು ವ್ಯಾನಿನಲ್ಲಿ ಬಂದಿಳಿದರು. ಹುಡುಗನ ತಾಯಿ ಧನಭಾಗ್ಯಂ ಎತ್ತರದ ಗಟ್ಟಿ ಹೆಂಗಸು, ಮಾತೆಲ್ಲ ಅವರದೇ. ತಂದೆ ವೇದಗಿರಿ ಹೆಂಡತಿಯ ವಾಕ್ಯ ಮುಗಿದಾಗಲೆಲ್ಲ ತಲೆಯಾಡಿಸುವ ಕೆಲಸವನ್ನು ನಿಷ್ಠೆಯಿಂದ ಮಾಡುತ್ತಿದ್ದರು. ಹುಡುಗ ಇಳಂಗೋ ವಿದ್ಯುತ್ ಮಂಡಳಿಯಲ್ಲಿದ್ದ, ಕಿವಿಗಳು ಸಾಮಾನ್ಯವಾಗಿಯೇ ಇದ್ದವು. ನಮ್ಮ ಕಡೆಯಿಂದ ಸಡಗೋಪನ್ ಮಾಮಾ ಶಕುನದ ಪಟ್ಟಿಯೊಂದಿಗೆ, ನಾನು ಬರಿಗೈಯಲ್ಲಿ ಹಾಜರಿದ್ದೆವು. ಅರಸು ಅವರು ಆ ದಿನ ಟವೆಲ್ ತೆಗೆದು, ಹಲ್ಲು ಕಚ್ಚಿಕೊಂಡು ಕುಳಿತಿದ್ದರು. ಬಾಯಿ ಬಿಡದೆ ಮಾತಾಡಿದ್ದರಿಂದ ಅವರಿಗೆ ಎಂದೂ ಇಲ್ಲದ ಗಾಂಭೀರ್ಯ ಬಂದಿತ್ತು. ಧನಭಾಗ್ಯಂ ಕೂಡ ಸ್ವಲ್ಪ ಹೆದರಿದಂತೆ ಕಂಡರು.

ಕೇಸರಿಬಾತು, ಬಜ್ಜಿ ಬಂದವು. ಮನೆಯ ಯಜಮಾನ ತಿನ್ನದೆ ಬಂದವರು ತಿನ್ನುವ ಹಾಗಿಲ್ಲ. ಅರಸು ಅವರು ಇರುವುದರಲ್ಲಿ ತೆಳ್ಳಗಿನ ಬಾಳೆಕಾಯಿ ಬಜ್ಜಿಯನ್ನು ಆರಿಸಿಕೊಂಡರು. ಆಗ ಧನಭಾಗ್ಯಂ, "ನಮ್ಮ ಹುಡುಗಂದು ಪರ್ಮನೆಂಟ್ ಕೆಲಸ," ಎಂದರು.

ಟಕ್. ಟಿಕ್.

ಮಾಮಾ ಬೆಂಚು ಬಡಿದರು. ನಮ್ಮ ಮನೆ ಹಲ್ಲಿ ಸುಮ್ಮಸುಮ್ಮನೆ ಬಾಯಿ ಹಾಕುವುದಿಲ್ಲ ಎಂದು ಮರಕತಂ ಹೆಮ್ಮೆಯಿಂದ ತಿಳಿಸಿದರು. ಧನಭಾಗ್ಯಂ ಮುಖದ ಬಣ್ಣ ಒಮ್ಮೆ ಹೋಗಿ ಬಂತು. ಭಕ್ತಿ ಇರಬೇಕೆಂದುಕೊಂಡೆವು. ಒಂದು ಗುಟುಕು ನೀರು ಕುಡಿದು ಆಕೆ ಮುಂದಿನ ಮಾತಿಗೆ ಬಂದರು.

"ಇನ್ನೊಂದು ವಿಷಯ ಈಗ್ಲೇ ಹೇಳಿಬಿಡ್ತೀನಿ ಅಣ್ಣ, ಆಮೇಲೆ ಮನಸ್ತಾಪ ಬೇಡ. ಮದುವೆ ಆದ್ಮೇಲೆ ಹುಡುಗಿ ಸ್ಕೂಲಿಗೆ ಹೋಗೋದು ಬೇಡ. ದಿನಾ ಬಸ್ ಹತ್ತಿ ಇಳಿಯೋದು ನಮ್ಮ ಮನೆಗೆ ಸರಿ ಹೋಗಲ್ಲ."

ವೇದಗಿರಿ ತಲೆಯಾಡಿಸಿದರು. ಇಳಂಗೋ ತಲೆಯೆತ್ತಿ ತಾಯಿಯನ್ನು ನೋಡಿದ. ಬಾಗಿಲ ಬಳಿ ಕಾಫಿ ತಟ್ಟೆ ಹಿಡಿದು ನಿಂತಿದ್ದ ಪೂಂಗೊಡಿ ಅಪ್ಪನನ್ನು ನೋಡಿದಳು. ಅರಸು ಅವರು ಮಗಳ ಮುಖ ನೋಡಿ, ಹಾಗಾಗುವುದಿಲ್ಲ ಎಂದು ಹೇಳಲು ಬಾಯಿ ತೆರೆದರು. ಮಾತು ಬರುವ ಮೊದಲು ಟಕ್ ಬಂತು.

"ಸತ್ಯ," ಎಂದರು ಮಾಮಾ ಪಟ್ಟಿಯ ಮೇಲೆ ಬೆರಳಿಟ್ಟು. "ತೆಂಕಣ ದಿಕ್ಕು. ಇದಕ್ಕೆ ಅಪೀಲಿಲ್ಲ."

ಪೂಂಗೊಡಿ ಅಪ್ಪನ ಮೇಲಿಂದ ಕಣ್ಣು ತೆಗೆಯಲಿಲ್ಲ. ಮರಕತಂ ಕಣ್ಣಿನಲ್ಲೇ ಮಗಳಿಗೆ ಸಮಾಧಾನ ಹೇಳುತ್ತಿದ್ದರು. ಆಗ ಅರಸು ಅವರು ಎದ್ದು ನಿಂತರು. ಮೂವತ್ತೆರಡು ಹಲ್ಲು, ಬೇವಿನ ಕಡ್ಡಿ, ಐವತ್ತಮೂರು ವರ್ಷದ ಮರ್ಯಾದೆ ಎಲ್ಲವನ್ನೂ ಬಿಟ್ಟುಕೊಟ್ಟು, ಅದು ಹಲ್ಲಿಯಲ್ಲ ಎಂದು ಕೂಗಿ ಹೇಳಲು, ಎರಡು ತಿಂಗಳಲ್ಲಿ ತೆರೆಯದಷ್ಟು ಅಗಲವಾಗಿ ಬಾಯಿ ತೆರೆದರು.

ತೆರೆದ ಬಾಯಿ ತೆರೆದೇ ನಿಂತಿತು.

ಮೊದಲ ಅರ್ಧ ನಿಮಿಷ ನಾವೆಲ್ಲ ಮಾತಿಗಾಗಿ ಕಾದೆವು. ಮಾತು ಬರಲಿಲ್ಲ, ಬಾಯಿ ಮುಚ್ಚಲೂ ಇಲ್ಲ. ಧನಭಾಗ್ಯಂ ಅವಮಾನವಾದವರಂತೆ, ಅಷ್ಟೊಂದು ಬಾಯಿ ಬಿಟ್ಟು ಆಶ್ಚರ್ಯಪಡುವ ಮಾತೇನು ಹೇಳಿದೆ ಎಂದು ಕೇಳಿದರು. ಅರಸು ಅವರು "ಆ... ಆ..." ಎಂದು ಗೋಡೆ ತೋರಿಸಿದರು, ತಮ್ಮ ಕೆನ್ನೆ ತೋರಿಸಿದರು, ಎರಡೂ ಕೈ ಅಡ್ಡಡ್ಡ ಆಡಿಸಿದರು. ಗೋಡೆ ತೋರಿಸಿದ್ದರಿಂದ ಮಾಮಾ ಹಲ್ಲಿ ಹುಡುಕಲು ಎದ್ದರು. ಬಜ್ಜಿ ಗಂಟಲಿಗೆ ಸಿಕ್ಕಿದೆ ಎಂದು ಮರಕತಂ ಬೆನ್ನಿಗೆ ಗುದ್ದಿದರು. ನೀರು ಕೇಳುತ್ತಿದ್ದಾರೆಂದು ತಿಳಿದ ವೇದಗಿರಿ, ತೆರೆದ ಬಾಯಿಗೆ ಮೇಲಿಂದ ಒಂದು ಲೋಟ ನೀರು ಹೊಯ್ದರು. ಆ ಮನುಷ್ಯ ಆ ದಿನ ಸ್ವಂತವಾಗಿ ಮಾಡಿದ ಮೊದಲ ಕೆಲಸ ಅದು. ನೀರು ಎರಡೂ ಕಡೆಯಿಂದ ಇಳಿದು ಹೊಸ ಅಂಗಿ ತೊಯ್ಯಿತು.

ಪೂಂಗೊಡಿ ತಟ್ಟೆ ಕೆಳಗಿಟ್ಟು ಬಂದು ಅಪ್ಪನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದಳು. "ದವಡೆ ಕೀಲು ತಪ್ಪಿದೆ," ಎಂದಳು. "ಯಾರೂ ಗುದ್ದಬೇಡಿ. ವ್ಯಾನ್ ತೆಗೆಸಿ."

ಇಳಂಗೋ ಆಗಲೇ ಚಪ್ಪಲಿ ಹಾಕಿಕೊಂಡಿದ್ದ.

ಹೀಗೆ ಹೆಣ್ಣು ನೋಡುವ ಶಾಸ್ತ್ರದ ಎರಡನೆಯ ಭಾಗ ದೇವಸ್ಥಾನದ ಸುತ್ತಿನ ಮಾಡ ಬೀದಿಯಲ್ಲಿ ನಡೆಯಿತು. ಎರಡೂ ಮನೆಯವರು ತುಂಬಿದ್ದ ವ್ಯಾನಿನ ಮುಂದಿನ ಸೀಟಿನಲ್ಲಿ ಅರಸು ಅವರು ಬಾಯಿಗೆ ಟವೆಲ್ ಅಡ್ಡ ಹಿಡಿದು ಕೂತಿದ್ದರು. ಪರಿಚಯದವರು ಕೈಯೆತ್ತಿ ಏನಣ್ಣ ಎಂದು ಕೇಳಿದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಡಾಕ್ಟರ್ ಜೆಸಿಂತಾ ಅವರ ಹಲ್ಲಿನ ಆಸ್ಪತ್ರೆ ಒಂದು ಪಾತ್ರೆ ಅಂಗಡಿಯ ಮಹಡಿಯಲ್ಲಿತ್ತು. ಕೆಳಗೆ ಇಳಿದ ಅರಸು ಅವರು ಮೆಟ್ಟಿಲು ನೋಡಿ ನಿಂತುಬಿಟ್ಟರು. ಬಾಯಿ ತೆರೆದುಕೊಂಡು, ಜೊಲ್ಲು ಸುರಿಸಿಕೊಂಡು, ಆ ಸ್ಥಿತಿಯಲ್ಲೂ ಮೆಟ್ಟಿಲ ಕಟಕಟೆಯನ್ನು ಗಟ್ಟಿಯಾಗಿ ಹಿಡಿದರು. ಘೋಷಣೆ ಅಷ್ಟು ಗಟ್ಟಿಯಾಗಿತ್ತು.

"ಅಪ್ಪಾ, ಹತ್ತಿ," ಎಂದಳು ಪೂಂಗೊಡಿ. ಹತ್ತಿದರು.

ಡಾಕ್ಟರಮ್ಮ ಸಣ್ಣಗೆ, ಇನ್ನೂ ಕಾಲೇಜು ಹುಡುಗಿಯ ಹಾಗಿದ್ದರು. ಈಕೆಗೆ ಶಕ್ತಿ ಸಾಲುತ್ತದೆಯೇ ಎಂದು ಮಾಮಾ ನನ್ನ ಕಿವಿಯಲ್ಲಿ ಕೇಳಿದರು. ಆಕೆ ಮಾಮಾ ಅವರನ್ನು ನೋಡಿ ನಕ್ಕು, ಅರಸು ಅವರನ್ನು ತಗ್ಗು ಕುರ್ಚಿಯ ಮೇಲೆ ಕೂರಿಸಿ, ಹೆಬ್ಬೆರಳುಗಳಿಗೆ ದಪ್ಪವಾಗಿ ಬಟ್ಟೆ ಸುತ್ತಿಕೊಂಡು, ಕೆಳದವಡೆಯ ಹಿಂಭಾಗಕ್ಕೆ ಒತ್ತಿ ಹಿಡಿದರು. ಉಸಿರು ಬಿಡಿ, ಗಲ್ಲ ಸಡಿಲ ಬಿಡಿ, ನನ್ನ ಜೊತೆ ಜಗಳ ಆಡಬೇಡಿ ಎಂದು ಮೆಲ್ಲಗೆ ಹೇಳುತ್ತಲೇ ಕೆಳಕ್ಕೆ ಒತ್ತಿ ಹಿಂದಕ್ಕೆ ತಳ್ಳಿದರು. ಒಂದು ನಿಮಿಷವೂ ಆಗಿರಲಿಲ್ಲ.

ಟಕ್.

ಮಾಮಾ ಅಭ್ಯಾಸಬಲದಿಂದ ಔಷಧಿಯ ಮೇಜು ಬಡಿದು "ಸತ್ಯ" ಎಂದರು.

ಅರಸು ಅವರು ಬಾಯಿ ಮುಚ್ಚಿದರು. ಒಮ್ಮೆ ಎಂಜಲು ನುಂಗಿದರು. ಮಗಳ ಕಡೆ ತಿರುಗಿ ಹೇಳಿದ ಮೊದಲ ಮಾತು, "ಪೂಂಗೊಡಿ, ಆ ಹಲ್ಲಿ ನಾನೇ ಕಣಮ್ಮಾ."

ಡಾಕ್ಟರಮ್ಮ ನಾಡಿ ಹಿಡಿದು ನೋಡಿದರು. ನಾಡಿ ಸರಿಯಿತ್ತು. ಅರಸು ಅವರು ತಡೆತಡೆದು, ಗಲ್ಲ ಹಿಡಿದುಕೊಂಡು, ಕಬ್ಬಿನಿಂದ ಶುರುಮಾಡಿ ಡ್ರಾಯರಿನ ಸಕ್ಕರೆಯವರೆಗೆ ಎಲ್ಲ ಹೇಳಿದರು. ಮಾಮಾ ಶಕುನದ ಪಟ್ಟಿಯನ್ನು ಸದ್ದಾಗದಂತೆ ಮಡಿಸಿ ಜೇಬಿಗೆ ಹಾಕಿಕೊಂಡರು. ಆಗ ಧನಭಾಗ್ಯಂ ಬೆಂಚಿನ ಮೇಲೆ ಕುಸಿದು ಕೂತು, ಅಯ್ಯೋ ದೇವರೇ ಎಂದು ನಿಡಿದಾಗಿ ಉಸಿರುಬಿಟ್ಟರು.

"ಹಾಗಾದ್ರೆ ನಾನೂ ಹೇಳಿಬಿಡ್ತೀನಿ. ನಮ್ಮ ಹುಡುಗನ ಕೆಲಸ ಇನ್ನೂ ಪರ್ಮನೆಂಟ್ ಆಗಿಲ್ಲ. ಇನ್ನು ನಾಲ್ಕು ತಿಂಗಳು, ಆಡಿಗೆ ಆಗುತ್ತೆ ಅಂತಾರೆ. ನಾನು ಹೇಳಿದ್ದು ಸುಳ್ಳು. ಸುಳ್ಳು ಹೇಳಿದ್ದಕ್ಕೆ ಹಲ್ಲಿ ಸತ್ಯ ಅಂದುಬಿಡ್ತಲ್ಲಪ್ಪಾ, ಇದೇನು ಗ್ರಹಚಾರ ಅಂತ ಆಗಿಂದ ನನ್ನ ಎದೆ ಡವಡವ ಅಂತಿದೆ."

ಇಳಂಗೋ ನಗು ತಡೆಯಲಾರದೆ ಗೋಡೆ ಕಡೆ ತಿರುಗಿದ. ಆಮೇಲೆ ಈ ಕಡೆ ತಿರುಗಿ, ಹುಡುಗಿ ಕೆಲಸ ಬಿಡಬೇಕೆಂದು ತಾನು ಯಾವತ್ತೂ ಹೇಳಿಲ್ಲ, ಅಮ್ಮನಿಗೆ ವ್ಯಾನಿನಲ್ಲಿ ಬರುವಾಗ ಹೊಳೆದ ವಿಚಾರ ಅದು ಎಂದ. ತನ್ನದೇ ಇನ್ನೂ ಕಾಯಂ ಆಗದಿರುವಾಗ ಮನೆಯಲ್ಲಿ ಒಂದಾದರೂ ಕಾಯಂ ಕೆಲಸ ಇರಲಿ ಎಂದು ಪೂಂಗೊಡಿಗೆ ಹೇಳಿದ. ಪೂಂಗೊಡಿ ಅವನನ್ನು ಅಲ್ಲಿಯೇ ಮೊದಲ ಸಲ ಸರಿಯಾಗಿ ನೋಡಿದಳು. ಕಾಲೇಜಿನಲ್ಲಿ ಓದಿದ ಮಗ ಎದುರಿಗೇ ಹೀಗೆಂದ ಮೇಲೆ ಧನಭಾಗ್ಯಂ ಹೆಚ್ಚು ಹಟ ಮಾಡಲಿಲ್ಲ. ಸುಳ್ಳಿನ ಭಾರ ಇಳಿದ ಖುಷಿಯಲ್ಲಿ ಆಕೆ ಎಲ್ಲದಕ್ಕೂ ತಯಾರಾಗಿದ್ದರು.

ಆಮೇಲೆ ಡಾಕ್ಟರಮ್ಮ ಎಲ್ಲರನ್ನೂ ಕೂರಿಸಿ ಪಾಠ ಮಾಡಿದರು. "ಕಿವಿ ಮುಂದೆ ಬೆರಳಿಟ್ಟು ನಿಧಾನಕ್ಕೆ ಬಾಯಿ ತೆಗೆದು ಮುಚ್ಚಿ. ಅಲ್ಲಿ ಅಲ್ಲಾಡುತ್ತಲ್ಲ, ಅದೇ ದವಡೆ ಕೀಲು. ಮಧ್ಯದಲ್ಲೊಂದು ಮೆತ್ತನೆ ಬಿಲ್ಲೆ ಇರುತ್ತೆ. ಅದು ಸ್ವಲ್ಪ ಜಾರಿ ವಾಪಸ್ ಕೂತಾಗ ಟಕ್ ಅನ್ನುತ್ತೆ." ಎರಡೂ ಕಡೆಯ ಬೀಗರು ಬೆರಳಿಟ್ಟುಕೊಂಡು ಮೀನಿನ ಹಾಗೆ ಬಾಯಿ ಆಡಿಸಿದರು. ವೇದಗಿರಿಯವರ ಎಡಗಡೆಯಿಂದ ಸಣ್ಣಗೆ ಟಿಕ್ ಎಂದು ಕೇಳಿಸಿತು. ಅವರು ಗಾಬರಿಯಾದರು. ಎಷ್ಟೋ ಜನರಿಗೆ ಹಾಗಿರುತ್ತದೆ, ನೋವಿಲ್ಲದಿದ್ದರೆ ಏನೂ ಮಾಡಬೇಕಾಗಿಲ್ಲ ಎಂದರು ಡಾಕ್ಟರಮ್ಮ.

ಕಬ್ಬು ಬರೀ ನೆಪ, ಮೊದಲಿಂದಲೂ ದವಡೆಗೆ ದುಡಿತ ಹೆಚ್ಚಾಗಿದೆ ಎಂದು ಅವರ ಅನುಮಾನ. ಕೆನ್ನೆಯ ಸ್ನಾಯು ಒತ್ತಿ ನೋಡಿ, ಹಿಂದಿನ ಹಲ್ಲುಗಳು ಸವೆದಿರುವುದನ್ನು ತೋರಿಸಿ, ನಿದ್ದೆಯಲ್ಲಿ ಹಲ್ಲು ಕಡಿಯುತ್ತಾರೆಯೇ ಎಂದು ಮರಕತಂ ಅವರನ್ನು ಕೇಳಿದರು.

ಮರಕತಂ ಗಂಡನ ಕಡೆ ಒಮ್ಮೆ ನೋಡಿದರು. "ಕಟಕಟ ಅಂತ ಒಂದು ಶಬ್ದ ಬರುತ್ತಮ್ಮಾ. ಎರಡು ವರ್ಷದಿಂದ. ನಾನು ಇಲಿ ಅಂದ್ಕೊಂಡು ಮೂರು ಬೋನು ತಂದಿಟ್ಟಿದ್ದೀನಿ."

ಎರಡು ವರ್ಷವೆಂದರೆ ಮಗಳಿಗೆ ಗಂಡು ಹುಡುಕಲು ಶುರುಮಾಡಿದಾಗಿನಿಂದ. ಒಬ್ಬೊಬ್ಬ ವರನನ್ನು ತಳ್ಳಿಹಾಕಿದ ರಾತ್ರಿಯೂ ಆ ಮನುಷ್ಯ, ಒಳ್ಳೆಯ ಹುಡುಗನನ್ನು ಕಳೆದುಕೊಂಡೆನೇನೋ ಎಂದು ನಿದ್ದೆಯಲ್ಲೇ ಹಲ್ಲು ಮಸೆಯುತ್ತಿದ್ದರು. ಪೂಂಗೊಡಿ ಅಪ್ಪನ ಅಂಗಿಯ ಒದ್ದೆ ತೋಳನ್ನು ಸುಮ್ಮನೆ ಸರಿಮಾಡಿದಳು.

ಎಲ್ಲರೂ ಕೆಳಗಿಳಿದ ಮೇಲೂ ಅರಸು ಅವರು ಏಳಲಿಲ್ಲ. ನನ್ನ ಕೈ ಹಿಡಿದಿದ್ದರಿಂದ ನಾನೂ ಉಳಿದೆ. ಡಾಕ್ಟರಮ್ಮನ ಮುಖ ನೋಡದೆ, ತಮ್ಮ ಮೊಣಕಾಲು ನೋಡುತ್ತ ಕೇಳಿದರು. "ಬಸ್ ಸ್ಟಾಂಡ್ ಬೋರ್ಡಲ್ಲಿ ಹಾಕಿದಾರಲ್ಲ, ಆ ಕಾಯಿಲೆ. ಮೂರು ಬೆರಳು ಹೋಗ್ತಿಲ್ಲ ನನಗೆ. ಮದುವೆ ಮುಗಿಯೋವರೆಗಾದ್ರೂ ಇರ್ತೀನಾ ಅಂತ ಹೇಳಿ, ಸಾಕು."

ಆಗ ನನಗೆ ಆ ಡಬ್ಬಿ, ಆ ಆತುರ ಎಲ್ಲ ಅರ್ಥವಾಯಿತು.

ಡಾಕ್ಟರಮ್ಮ ನಗಲಿಲ್ಲ. ದೀಪ ಹತ್ತಿರ ಎಳೆದುಕೊಂಡು, ಸ್ವಲ್ಪವೇ ಬಾಯಿ ತೆರೆಸಿ, ಪುಟ್ಟ ಕನ್ನಡಿ ಹಿಡಿದು ಕೆನ್ನೆಯ ಒಳಮೈ, ನಾಲಿಗೆಯ ಅಂಚು, ವಸಡು, ಗಂಟಲು ಒಂದೊಂದನ್ನೂ ನೋಡಿದರು. ಕುತ್ತಿಗೆಯಲ್ಲಿ ಗಂಟುಗಳಿವೆಯೇ ಎಂದು ಬೆರಳಾಡಿಸಿದರು. ಗೋಡೆ ಗಡಿಯಾರದ ಪ್ರಕಾರ ಹತ್ತು ನಿಮಿಷ. ನನ್ನ ಕೈಯ ಮೂಳೆಗಳ ಪ್ರಕಾರ ಬಹಳ ಹೆಚ್ಚು.

"ಅಂಥದ್ದೇನೂ ಕಾಣ್ತಿಲ್ಲ ಅಪ್ಪಾ. ರಾತ್ರಿಯೆಲ್ಲ ಕಚ್ಚಿ ಹಿಡಿದು ಸ್ನಾಯು ಬಿಗಿದುಕೊಂಡಿದೆ, ಅದಕ್ಕೇ ಬೆಳಿಗ್ಗೆ ಬಾಯಿ ತೆಗೆಯೋಕೆ ಆಗ್ತಿಲ್ಲ. ಕೀಲು ಸರಿಯಾದ ಮೇಲೆ ಬನ್ನಿ, ಇನ್ನೊಂದ್ಸಲ ಪೂರ್ತಿ ನೋಡ್ತೀನಿ. ಆದ್ರೆ ಬೋರ್ಡ್ ಬರೆದವರು ಸುಳ್ಳು ಬರೆದಿಲ್ಲ. ಹೊಗೆಸೊಪ್ಪು ಇವತ್ತಿಗೇ ಬಿಟ್ಟುಬಿಡಿ."

ಅರಸು ಅವರು ಜೇಬಿನಿಂದ ಎಲೆಅಡಿಕೆಯ ಚೀಲ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ಅಳತೊಡಗಿದರು. ಅಳುವಾಗಲೂ ಬಾಯಿ ಅಗಲ ಮಾಡಬಾರದು ಎಂದು ಡಾಕ್ಟರಮ್ಮ ಗಲ್ಲದ ಕೆಳಗೆ ಅಂಗೈ ಹಿಡಿದು ನಿಂತರು.

ತಲೆಯಿಂದ ಗಲ್ಲದವರೆಗೆ ಪಟ್ಟಿ ಕಟ್ಟಿ ಕಳಿಸಿದರು. ಆಕೆ ಬರೆದುಕೊಟ್ಟದ್ದರಲ್ಲಿ ಪವಾಡವೇನೂ ಇರಲಿಲ್ಲ. ಆರು ವಾರ ಮೆತ್ತಗಿನ ಊಟ, ದಿನಕ್ಕೆರಡು ಸಲ ಬಿಸಿ ಬಟ್ಟೆಯ ಶಾಖ, ಒಂದು ವಾರದ ನೋವಿನ ಮಾತ್ರೆ. ಆಕಳಿಕೆ ಬಂದರೆ ಗಲ್ಲದ ಕೆಳಗೆ ಮುಷ್ಟಿ. ಕಬ್ಬು, ಮುರುಕು, ಗಟ್ಟಿ ಅಡಿಕೆ ಬಂದ್. ಹಗಲಲ್ಲಿ ತುಟಿ ಮುಚ್ಚಿರಲಿ, ಹಲ್ಲು ಹಲ್ಲಿಗೆ ತಾಗದಿರಲಿ. ರಾತ್ರಿ ಹಲ್ಲಿನ ಮೇಲೆ ಹಾಕಿಕೊಳ್ಳಲು ಅಚ್ಚು ತೆಗೆದು ಒಂದು ಪ್ಲಾಸ್ಟಿಕ್ ಕವಚ ಮಾಡಿಕೊಟ್ಟರು. ಮೂರನೆಯ ವಾರಕ್ಕೆ ನೋವು ಅರ್ಧ ಇಳಿಯಿತು, ಆರನೆಯ ವಾರಕ್ಕೆ ಮೂರು ಬೆರಳು ಸಲೀಸಾಗಿ ಹೋಯಿತು. ಆ ದಿನ ಅರಸು ಅವರು ಬೀದಿ ದಾಟಿ ಬಂದು ನನಗೆ ಅದನ್ನು ಮಾಡಿ ತೋರಿಸಿದರು. ಡಾಕ್ಟರಮ್ಮ ಇನ್ನೊಮ್ಮೆ ಪೂರ್ತಿ ಪರೀಕ್ಷಿಸಿ ಏನೂ ಇಲ್ಲವೆಂದು ಖಚಿತಪಡಿಸಿದರು.

ಸಂಘದಲ್ಲಿ ಮಾತ್ರ ಕೆಲವು ದಿನ ಶೋಕವಿತ್ತು. ಡ್ರಾಯರಿನ ಹಲ್ಲಿ ನುಡಿಯುವುದನ್ನು ನಿಲ್ಲಿಸಿದ್ದಕ್ಕೆ ಮ್ಯಾನೇಜರ್ ಒಂದು ವಾರ ಯಾವ ಸೀರೆಯನ್ನೂ ಪಾಸು ಮಾಡದೆ ಕುಳಿತರು. ಕೊನೆಗೆ ಬೇರೆ ದಾರಿಯಿಲ್ಲದೆ ಕಣ್ಣಿನಿಂದ ನೋಡಿ ಪಾಸು ಮಾಡುವ ಹಳೆಯ ಪದ್ಧತಿಗೇ ಮರಳಿದರು.

ಬೇಸಿಗೆಯ ಕೊನೆಗೆ, ವೈಕಾಸಿ ತಿಂಗಳ ಒಂದು ಭಾನುವಾರ ಮದುವೆಯಾಯಿತು. ಬೆಳಗಿನ ಮುಹೂರ್ತ, ಮಧ್ಯಾಹ್ನದ ಊಟ ಎಲ್ಲ ಸುಸೂತ್ರವಾಗಿ ಮುಗಿದು, ನಾಲ್ಕೂವರೆಗೆ ರಾಹುಕಾಲ ಬರುವ ಮೊದಲು ಹೆಣ್ಣನ್ನು ಕಳಿಸಿಕೊಡಬೇಕಿತ್ತು. ವ್ಯಾನ್ ಸ್ಟಾರ್ಟ್ ಆಗಿತ್ತು. ಹೆಣ್ಣಿನ ತಂದೆಯೇ ಕಾಣಿಸಲಿಲ್ಲ. ಛತ್ರವೆಲ್ಲ ಹುಡುಕಿದೆವು. ಕೊನೆಗೆ ಪೂಂಗೊಡಿಯೇ ಕಂಡುಹಿಡಿದಳು. ಉಗ್ರಾಣದಲ್ಲಿ ಅಕ್ಕಿ ಮೂಟೆಗಳ ಮೇಲೆ, ರೇಷ್ಮೆ ಪಂಚೆಯಲ್ಲೇ, ಅರಸು ಅವರು ಮಲಗಿದ್ದರು. ಮುಖದಲ್ಲಿ ಒಂದು ಗೆರೆಯಿಲ್ಲ. ಕೆಳದವಡೆ ಸಡಿಲವಾಗಿ ಇಳಿಬಿದ್ದಿತ್ತು, ಉಸಿರು ನಿಧಾನವಾಗಿ ಬಂದು ಹೋಗುತ್ತಿತ್ತು.

ಇನ್ನು ಹತ್ತೇ ನಿಮಿಷ ಎಂದು ಸಡಗೋಪನ್ ಮಾಮಾ ಗಡಿಯಾರ ತೋರಿಸಿದರು. ಮರಕತಂ ಎಬ್ಬಿಸಲು ಮುಂದಾದರು. ಪೂಂಗೊಡಿ ಅಮ್ಮನ ಕೈ ಹಿಡಿದು ನಿಲ್ಲಿಸಿ, ಅಪ್ಪನ ಪಕ್ಕದ ಮೂಟೆಯ ಮೇಲೆ ಮದುವೆ ಸೀರೆಯಲ್ಲೇ ಕುಳಿತುಕೊಂಡಳು. ಎರಡು ವರ್ಷದಿಂದ ಹೀಗೆ ಮಲಗಿದ್ದನ್ನು ನೋಡಿಲ್ಲ ಎಂದಳು.

ಧನಭಾಗ್ಯಂ ಬಾಗಿಲಲ್ಲಿ ನಿಂತು ಒಳಗೆ ನೋಡಿದರು. ಆಮೇಲೆ ಗಂಡನ ಕಡೆ ತಿರುಗಿದರು.

"ಡ್ರೈವರಿಗೆ ವ್ಯಾನ್ ಆಫ್ ಮಾಡೋಕೆ ಹೇಳಿ. ರಾಹು ಬಂದು ಹೋಗಲಿ. ಬೀಗರು ಎದ್ದ ಮೇಲೆ ಹೊರಡೋಣ."

ವೇದಗಿರಿ ತಲೆಯಾಡಿಸಿ ಹೋದರು. ಇಳಂಗೋ ಎಲ್ಲರಿಗೂ ಇನ್ನೊಂದು ಸುತ್ತು ಕಾಫಿ ತರಿಸಿದ. ನಾವು ಉಗ್ರಾಣದ ಹೊರಗೆ ಚಾಪೆ ಹಾಸಿಕೊಂಡು, ಪಿಸುಮಾತಿನಲ್ಲಿ ಮಾತಾಡುತ್ತ ಕುಳಿತೆವು. ಅರಸು ಅವರು ಎದ್ದಾಗ ಆರೂಕಾಲು ಆಗಿತ್ತು.